ಮ್ಯೂಸಿಕ್ ಡಿಗ್ರಿ ಲೆಕ್ಕದಲ್ಲಿ ಅಪ್ಪ ಅಮ್ಮನ ಸಾಲ ಎಲ್ಲಿ ಹೋಯ್ತು?

ಸಂಪಾದಕರಿಗೆ ನಮಸ್ಕಾರ,

ಅಮೆರಿಕದಲ್ಲಿ ಮ್ಯೂಸಿಕ್ ಡಿಗ್ರಿ ಮಾಡೋದು ದುಡ್ಡು ದಂಡ ಅಂತ ಹೋದ ವಾರ ನಿಮ್ಮಲ್ಲಿ ಬಂದ ಲೇಖನ ಎರಡು ಸಲ ಓದಿದೆ. ನಾವು ಈ ದೇಶಕ್ಕೆ ಬಂದು 19 ವರ್ಷ ಆಯ್ತು, ಮಗಳು ವಯೋಲಾ (ಪಿಟೀಲಿನ ಥರದ್ದೇ, ಸ್ವಲ್ಪ ದೊಡ್ಡ ವಾದ್ಯ) ನುಡಿಸ್ತಾಳೆ, 2025ರಲ್ಲಿ ಅವಳ ಅಡ್ಮಿಷನ್ ಟೈಮಲ್ಲಿ ನಾನೂ ನಮ್ಮನೆಯವರೂ ರಾತ್ರಿಯೆಲ್ಲಾ ಕೂತು ಇದೇ ಲೆಕ್ಕ ಹಾಕಿದೀವಿ, ಅದಕ್ಕೇ ಬರೀತಿದೀನಿ. ಕಾಲೇಜ್ ಸ್ಕೋರ್‌ಕಾರ್ಡ್ ಅನ್ನೋ ಸರ್ಕಾರಿ ಸೈಟಿಂದ ಎರಡು ನಂಬರ್ ತಗೊಂಡು, ಗಳಿಕೆ ಇಷ್ಟು, ಸಾಲ ಇಷ್ಟು, ಆದ್ದರಿಂದ ಬೇಡ ಅಂತ ಲೇಖನದಲ್ಲಿ ಹೇಳಿದೀರಿ. ನನ್ನ ತಕರಾರು ಆ ಎರಡು ನಂಬರ್ ಬಗ್ಗೇನೇ.

ಮೊದಲು ಸಾಲ. ಆ ಸೈಟಲ್ಲಿ ಎದ್ದು ಕಾಣೋ ಸಾಲ ಅಂದ್ರೆ ಮಕ್ಕಳು ತಮ್ಮ ಹೆಸರಲ್ಲಿ ತಗೊಂಡಿರೋ ಫೆಡರಲ್ ಸಾಲ, ಅಂದ್ರೆ ಕೇಂದ್ರ ಸರ್ಕಾರ ಕೊಡೋ ಸಾಲ, ಮಾತ್ರ. ಅಪ್ಪ ಅಮ್ಮನನ್ನ ಅವಲಂಬಿಸಿರೋ ಹುಡುಗ ಹುಡುಗಿಗೆ ಮೊದಲನೇ ವರ್ಷ 5,500 ಡಾಲರ್, ಎರಡನೇ ವರ್ಷ 6,500, ಆಮೇಲೆ ವರ್ಷಕ್ಕೆ 7,500, ಅಷ್ಟೇ ಮಿತಿ, ನಾಲ್ಕು ವರ್ಷಕ್ಕೆ 27,000 ಆಗುತ್ತೆ. ಹಾಗಾಗಿ ಎಷ್ಟೇ ದುಬಾರಿ ಕಾಲೇಜಾದ್ರೂ ಆ ನಂಬರ್ ಸಾಮಾನ್ಯವಾಗಿ ಅದನ್ನ ಹೆಚ್ಚು ದಾಟಲ್ಲ, ನೋಡಿದವರು ಅಯ್ಯೋ ಇಷ್ಟೇನಾ ಪರವಾಗಿಲ್ಲ ಅಂದ್ಕೋತಾರೆ. ಉಳಿದ ದುಡ್ಡು ಎಲ್ಲಿಂದ ಬಂತು ಅಂತ ಕೇಳಬೇಕಲ್ವಾ? ಅದು ಅಪ್ಪ ಅಮ್ಮನ ಹೆಸರಲ್ಲಿ ಬರುತ್ತೆ, ಪೇರೆಂಟ್ ಪ್ಲಸ್ ಅಂತ ಆ ಸಾಲಕ್ಕೆ ಹೆಸರು, ಅದನ್ನ ಮಕ್ಕಳ ಸಾಲದ ಜೊತೆ ಕೂಡಿಸಿರಲ್ಲ. ಪ್ರೈವೇಟ್ ಬ್ಯಾಂಕ್ ಸಾಲನೂ ಆ ಲೆಕ್ಕದಲ್ಲಿ ಇರಲ್ಲ.

ನಮಗೆ ಬಂದ ಒಂದು ಅವಾರ್ಡ್ ಲೆಟರ್ (ಖರ್ಚೆಷ್ಟು, ನೆರವೆಷ್ಟು ಅಂತ ಕಾಲೇಜು ಕಳಿಸೋ ಪತ್ರ) ಕಥೆ ಹೇಳ್ತೀನಿ, ಕಾಲೇಜಿನ ಹೆಸರು ಬೇಡ. ವರ್ಷದ ಖರ್ಚು 58,000 ಡಾಲರ್. ಅದರ ಕೆಳಗೆ ಸ್ಕಾಲರ್‌ಶಿಪ್ 32,500, ಮಗಳ ಸಾಲ 5,500, ಪೇರೆಂಟ್ ಪ್ಲಸ್ 20,000, ಎಲ್ಲಾ ಒಂದೇ ಪಟ್ಟಿಯಲ್ಲಿ, ಮೇಲೆ ಹಣಕಾಸಿನ ನೆರವು ಅಂತ ಹೆಡ್ಡಿಂಗು, ಕೊನೇ ಲೈನಲ್ಲಿ ನೀವು ಕಟ್ಟಬೇಕಾದ್ದು ಸೊನ್ನೆ. ಮಗಳು ಫೋನ್ ಹಿಡ್ಕೊಂಡು ಓಡಿ ಬಂದು ಅಮ್ಮಾ ಫ್ರೀ ಅಂತೆ ಅಂದ್ಲು. ನನಗೂ ಒಂದು ನಿಮಿಷ ಹಾಗೇ ಅನ್ಸಿದ್ದು ನಿಜ. ನಮ್ಮನೆಯವರು ಕನ್ನಡಕ ಹಾಕ್ಕೊಂಡು ಒಂದೊಂದೇ ಸಾಲು ಓದಿ, ಇದು ನೆರವಲ್ಲ ಕಣೇ, ನಮ್ಮಿಬ್ರ ಮೇಲೆ ಸಾಲ ಅಂದಾಗಲೇ ತಿಳಿದದ್ದು.

ಅಂಥ 20,000 ನಾವು ನಾಲ್ಕು ವರ್ಷ ತಗೊಂಡಿದ್ರೆ 80,000 ಆಗ್ತಿತ್ತು. ಬಡ್ಡಿ ಹತ್ರ ಹತ್ರ 9%, ದುಡ್ಡು ಕೈಗೆ ಬಂದ ದಿನದಿಂದಲೇ ಶುರು, ಜೊತೆಗೆ ಫೀಸ್ ಅಂತ 4%ಗೂ ಸ್ವಲ್ಪ ಜಾಸ್ತಿ ಮೊದಲೇ ಮುರ್ಕೊಂಡು ಕೊಡ್ತಾರೆ. ಓದುವಾಗ ಏರೋ ಬಡ್ಡಿ ಪಕ್ಕಕ್ಕಿಟ್ಟು ಬರೀ 80,000ವನ್ನ 10 ವರ್ಷದಲ್ಲಿ ತೀರಿಸ್ತೀವಿ ಅಂದ್ರೂ ತಿಂಗಳಿಗೆ 1,013 ಡಾಲರ್ ಕಂತು, ಒಟ್ಟು 1,21,600ರ ಹತ್ರ. ಕೊನೇ ಕಂತು ಕಟ್ಟೋ ಹೊತ್ತಿಗೆ ನಮ್ಮನೆಯವರಿಗೆ 66 ವರ್ಷ. ಕೆಲಸ ಹೋಯ್ತು, ದಿವಾಳಿ ಆದ್ವಿ ಅಂದ್ರೂ ಈ ಸಾಲ ಬೇರೆ ಸಾಲದ ಹಾಗೆ ಸುಲಭವಾಗಿ ಬಿಟ್ಟು ಹೋಗಲ್ಲ, ವಿಪರೀತ ಕಷ್ಟ ಇದೆ ಅಂತ ಕೋರ್ಟಲ್ಲಿ ಸಾಬೀತು ಮಾಡ್ಬೇಕು. ನಿಮ್ಮ ಲೇಖನದಲ್ಲಿ ಇದರ ಬಗ್ಗೆ ಒಂದು ಅಕ್ಷರ ಇಲ್ಲ, ನನಗೆ ಬೇಜಾರಾಗಿದ್ದು ಅದಕ್ಕೇ.

ಇನ್ನು ಗಳಿಕೆ. ಮ್ಯೂಸಿಕ್ ಓದಿದವರ ಗಳಿಕೆ ಕಡಿಮೆ ಅನ್ನೋದನ್ನ ನಾನು ಸುಳ್ಳು ಅಂತಿಲ್ಲ, ಕಡಿಮೆನೇ. ಆದ್ರೆ ಮ್ಯೂಸಿಕ್ ಎಜುಕೇಶನ್ ಮಾಡಿ ಸ್ಕೂಲಲ್ಲಿ ಆರ್ಕೆಸ್ಟ್ರಾ ಟೀಚರ್, ಬ್ಯಾಂಡ್ ಟೀಚರ್ ಆಗೋರು ಆ ಸೈಟಲ್ಲಿ ಕೋರ್ಸ್ ವಿಂಗಡಿಸುವಾಗ ಸಾಮಾನ್ಯವಾಗಿ ಶಿಕ್ಷಣದ ಕೋಡ್ ಕೆಳಗೆ ಬರ್ತಾರೆ, ಮ್ಯೂಸಿಕ್ ಕೆಳಗಲ್ಲ. ಅಂದ್ರೆ ತಿಂಗಳ ಸಂಬಳ, ಹೆಲ್ತ್ ಇನ್ಶೂರೆನ್ಸ್, ಪೆನ್ಶನ್ ಇರೋ ಗುಂಪನ್ನೇ ಪಕ್ಕಕ್ಕೆ ತೆಗೆದು ಉಳಿದವರ ಗಳಿಕೆ ನೋಡಿ ಮ್ಯೂಸಿಕ್ ಇಷ್ಟೇ ಅಂತಿದೀವಿ. ಗಳಿಕೆ ಅಳೆಯೋ ವರ್ಷದಲ್ಲಿ ಮಾಸ್ಟರ್ಸ್ ಓದ್ತಿರೋರನ್ನೂ ಲೆಕ್ಕದಿಂದ ಬಿಟ್ಟಿರ್ತಾರೆ, ಈ ಫೀಲ್ಡಲ್ಲಿ ಮಾಸ್ಟರ್ಸ್‌ಗೆ ಹೋಗೋರು ಬೇಕಾದಷ್ಟು ಜನ ಇದಾರೆ. ಮನೇಲಿ ಪಾಠ ಹೇಳ್ಕೊಡೋದು, ಮದುವೆಗಳಲ್ಲಿ ನುಡಿಸೋದು, ಊರಿನ ಸಣ್ಣ ಆರ್ಕೆಸ್ಟ್ರಾದಲ್ಲಿ ಪ್ರೋಗ್ರಾಂಗೆ ಇಷ್ಟು ಅಂತ ತಗೊಳ್ಳೋದು, ಇದೆಲ್ಲಾ ಸೇರಿ ಒಬ್ಬ ಮ್ಯೂಸಿಶಿಯನ್ ಬದುಕು. ಕಾರ್ಮಿಕ ಇಲಾಖೆಯವರೇ ಮ್ಯೂಸಿಶಿಯನ್‌ಗಳಿಗೆ ವರ್ಷದ ಸಂಬಳ ಹಾಕಲ್ಲ, ಗಂಟೆಗೆ ಎಷ್ಟು ಅಂತ ಮಾತ್ರ ಹಾಕ್ತಾರೆ, ಯಾಕಂದ್ರೆ ವರ್ಷಪೂರ್ತಿ ಒಂದೇ ಸಮ ಕೆಲಸ ಇರೋರು ಕಡಿಮೆ.

ಹೆಸರುವಾಸಿ ಕನ್ಸರ್ವೇಟರಿಗೇ, ಅಂದ್ರೆ ಸಂಗೀತಕ್ಕೇ ಮೀಸಲಾದ ಕಾಲೇಜಿಗೇ, ಹೋಗ್ಬೇಕು ಅಂತ ಮಗಳು ಹಠ ಹಿಡಿದಿದ್ಲು, ಅದು ತಪ್ಪು ಅಂತ ನಾನು ಹೇಳಲ್ಲ. ಫಿಲಡೆಲ್ಫಿಯಾದ ಕರ್ಟಿಸ್ ಅನ್ನೋ ಕನ್ಸರ್ವೇಟರಿಯಲ್ಲಿ 1928ರಿಂದ ಟ್ಯೂಶನ್ ಫೀಸೇ ಇಲ್ಲ, ಅಂಥ ಕಡೆ ಸೀಟ್ ಸಿಕ್ರೆ ಕಣ್ಣು ಮುಚ್ಕೊಂಡು ಹೋಗ್ಬೋದು, ಆದ್ರೆ ಸಿಗೋದು ಬೆರಳೆಣಿಕೆ ಮಕ್ಕಳಿಗೆ. ಅವಳ ವಯೋಲಾ ಟೀಚರ್ ಒಂದು ಮಾತು ಹೇಳಿದ್ರು. ದೊಡ್ಡ ಆರ್ಕೆಸ್ಟ್ರಾಗಳ ಆಡಿಶನ್ ಶುರುವಿನ ರೌಂಡುಗಳು ಸಾಮಾನ್ಯವಾಗಿ ಪರದೆ ಹಿಂದೆ ನಡೆಯುತ್ತೆ, ನುಡಿಸ್ತಿರೋದು ಯಾರು ಅಂತ ಪರದೆ ಆಚೆ ಕೂತವರಿಗೆ ಕಾಣಲ್ಲ, ಹಾಗಾಗಿ ಕಾಲೇಜಿನ ಹೆಸರಿಗಿಂತ ನಾಲ್ಕು ವರ್ಷ ಯಾರ ಹತ್ರ ಕಲಿತೀಯ ಅನ್ನೋದನ್ನ ನೋಡು ಅಂದ್ರು. ಅವಳು ಸ್ಟೇಟ್ ಯೂನಿವರ್ಸಿಟಿಗೆ ಹೋಗಿ ಅಲ್ಲಿನ ವಯೋಲಾ ಪ್ರೊಫೆಸರ್ ಹತ್ರ ಒಂದು ಟ್ರಯಲ್ ಪಾಠ ತಗೊಂಡು ಬಂದ್ಲು, ವಾಪಸ್ ಬರುವಾಗ ಕಾರಲ್ಲಿ ಒಂದು ಗಂಟೆ ಮಾತೇ ಆಡ್ಲಿಲ್ಲ, ಆಮೇಲೆ ಇವರ ಹತ್ರ ಕಲೀತೀನಿ ಅಂದ್ಲು. ರಾತ್ರಿ ಅತ್ತಿದ್ದೂ ಗೊತ್ತು ನನಗೆ. ಈಗ ಅಲ್ಲೇ ಮ್ಯೂಸಿಕ್ ಎಜುಕೇಶನ್ ಮಾಡ್ತಿದಾಳೆ, ಸಾಲ ಅವಳ ಹೆಸರಲ್ಲಿ ಮಾತ್ರ. ಪಬ್ಲಿಕ್ ಸ್ಕೂಲಲ್ಲಿ ಫುಲ್ ಟೈಮ್ ಕೆಲಸ ಸಿಕ್ರೆ, ಆದಾಯಕ್ಕೆ ತಕ್ಕ ಹಾಗೆ 120 ಕಂತು ಕಟ್ಟಿದ ಮೇಲೆ ಉಳಿದದ್ದು ಮನ್ನಾ ಆಗೋ ಸ್ಕೀಮ್ 2007ರಿಂದ ಇದೆ, ಪ್ರೋಗ್ರಾಂ ಪ್ರೋಗ್ರಾಂಗೆ ನುಡಿಸೋರಿಗೆ ಆ ಅನುಕೂಲ ಸಿಗೋದು ಕಷ್ಟ.

ನಮ್ಮಣ್ಣ ಇನ್ನೂ ಫೋನ್ ಮಾಡಿದಾಗೆಲ್ಲಾ ಕಂಪ್ಯೂಟರ್ ಓದಿಸ್ಬೇಕಿತ್ತು ಅಂತಾನೆ. ಆರನೇ ವಯಸ್ಸಿಂದ ದಿನಾ ಪ್ರಾಕ್ಟೀಸ್ ಮಾಡಿರೋ ಮಗು ಅದು, ಹೇಗೆ ಬಿಡು ಅನ್ನೋದು?

2025ರ ಜುಲೈನಲ್ಲಿ ಬಂದ ಹೊಸ ಕಾನೂನಿನ ಬಗ್ಗೆನೂ ನಿಮ್ಮ ಲೇಖನ ಸುಮ್ಮನಿದೆ. 2026ರ ಜುಲೈ 1ರಿಂದ ಹೊಸದಾಗಿ ಸಾಲ ತಗೊಳ್ಳೋ ಅಪ್ಪ ಅಮ್ಮನಿಗೆ ಒಂದು ಮಗುವಿಗೆ ವರ್ಷಕ್ಕೆ 20,000, ಒಟ್ಟು 65,000 ಡಾಲರ್ ಮಾತ್ರ ಅಂತ ಮಿತಿ ಹಾಕಿದಾರೆ, ಇದು ಒಳ್ಳೇದೇ, ಆದ್ರೆ ಮಿತಿ ಮೀರಿದ್ದಕ್ಕೆ ಜನ ಪ್ರೈವೇಟ್ ಸಾಲಕ್ಕೆ ಓಡ್ತಾರೇನೋ ಅಂತ ಭಯ ಇದೆ. ಇನ್ನೊಂದು, ಡಿಗ್ರಿ ಮುಗಿಸಿ 4 ವರ್ಷ ಆದವರ ಮಧ್ಯಮ ಗಳಿಕೆ (ಗಳಿಕೆ ಪ್ರಕಾರ ಸಾಲಾಗಿ ನಿಲ್ಲಿಸಿದ್ರೆ ಸರಿ ಮಧ್ಯದವರ ಗಳಿಕೆ), ಬರೀ ಹೈಸ್ಕೂಲ್ ಮುಗಿಸಿದವರ ಗಳಿಕೆಗಿಂತ ಕಡಿಮೆ ಇದ್ರೆ, ಅದೂ 3 ವರ್ಷದಲ್ಲಿ 2 ಸಲ ಹಾಗಾದ್ರೆ, ಆ ಕೋರ್ಸ್‌ಗೆ ಫೆಡರಲ್ ಸಾಲ ನಿಲ್ಲುತ್ತೆ. ಮ್ಯೂಸಿಕ್ ಕೋರ್ಸ್‌ಗಳಿಗೆ ಇದರ ಬಿಸಿ ತಟ್ಟಬಹುದು. ಸೇರೋ ಮುಂಚೆ ನಿಮ್ಮ ಕೋರ್ಸ್ ಈ ಪರೀಕ್ಷೆಯಲ್ಲಿ ಎಲ್ಲಿದೆ ಅಂತ ಕಾಲೇಜನ್ನ ಬಾಯಿಬಿಟ್ಟು ಕೇಳಿ ಅಂತ ಎಲ್ಲಾ ಅಪ್ಪ ಅಮ್ಮಂದಿರಿಗೂ ಹೇಳ್ತೀನಿ, ಕೇಳೋಕೆ ಸಂಕೋಚ ಬೇಡ.

ನಿಮ್ಮಲ್ಲಿ ನನ್ನದೊಂದು ಕೋರಿಕೆ, ಪೇರೆಂಟ್ ಪ್ಲಸ್ ಬಗ್ಗೆ ಒಂದು ಪೂರ್ತಿ ಲೇಖನ ಹಾಕಿ, ಅದೂ ಮಾರ್ಚ್ ಒಳಗೆ ಬಂದ್ರೆ ಒಳ್ಳೇದು. ಬಹಳಷ್ಟು ಕಡೆ ಮೇ 1ರ ಒಳಗೆ ಕಾಲೇಜಿಗೆ ಉತ್ತರ ಕೊಡ್ಬೇಕು, ಅವಾರ್ಡ್ ಲೆಟರ್ ಕೈಲಿ ಹಿಡಿದ ಮೇಲೆ ಯೋಚನೆ ಮಾಡೋಕೆ ಉಳಿಯೋದು ಕೆಲವೇ ವಾರ.

ಇಂತಿ,
ವಯೋಲಾ ಕಲಿಯೋ ಹುಡುಗಿಯ ಅಮ್ಮ