ಮಳೆ ಅಳೆಯುವ ಕೆಲಸ ನಮ್ಮ ಡಿಪ್ಲೊಮಾ ಮಕ್ಕಳಿಗೆ ಸಿಗಲಿ: ಕೊಡಗು ಉಸ್ತುವಾರಿ ಸಚಿವರಿಗೊಂದು ಬಹಿರಂಗ ಪತ್ರ

ಸನ್ಮಾನ್ಯ ಎನ್.ಎಸ್. ಬೋಸರಾಜು ಅವರಿಗೆ,

ನಮಸ್ಕಾರ. ಕೊಡಗಿನ ಉಸ್ತುವಾರಿಯ ಜೊತೆಗೆ ಸಣ್ಣ ನೀರಾವರಿ, ವಿಜ್ಞಾನ ಮತ್ತು ತಂತ್ರಜ್ಞಾನ ಖಾತೆಗಳೂ ತಮ್ಮ ಕೈಯಲ್ಲಿವೆ. ಅದಕ್ಕೇ ಈ ಪತ್ರವನ್ನು ತಮಗೆ ಬರೆಯುತ್ತಿದ್ದೇನೆ. ಈ ಜಿಲ್ಲೆಯಲ್ಲಿ ಡಿಪ್ಲೊಮಾ ಮಕ್ಕಳಿಗೆ ಎಲೆಕ್ಟ್ರಾನಿಕ್ಸ್ ಪಾಠ ಹೇಳುವವನು ನಾನು. ನನ್ನ ಬೇಡಿಕೆ ಒಂದೇ. ನಮ್ಮ ತಾಂತ್ರಿಕ ವಿದ್ಯಾರ್ಥಿಗಳನ್ನು ಓದು ನಡೆಯುತ್ತಿರುವಾಗಲೇ ಸರ್ಕಾರಿ ಇಲಾಖೆಗಳು ಸ್ಟೈಪೆಂಡ್ ಕೊಟ್ಟು ಕೆಲಸಕ್ಕೆ ತೆಗೆದುಕೊಳ್ಳಲಿ, ಮುಂದೆ ಹುದ್ದೆ ತುಂಬುವಾಗ ಅವರನ್ನು ಮೊದಲು ನೋಡಲಿ. ಶುರು ಮಾಡುವುದಾದರೆ ಮಳೆಮಾಪನ ಮತ್ತು ಭೂಕುಸಿತ ನಿಗಾದ ಕೆಲಸದಿಂದಲೇ ಆಗಲಿ.

ಯಾಕೆ ಅದೇ ಕೆಲಸ ಎಂದು ಕೊಡಗಿನವರಿಗೆ ಹೇಳಬೇಕಿಲ್ಲ. 2018ರ ಆಗಸ್ಟ್‌ನಲ್ಲಿ ಜೋಡುಪಾಲ, ಮಕ್ಕಂದೂರು, ಹಟ್ಟಿಹೊಳೆ, ಮಾದಾಪುರದ ಗುಡ್ಡಗಳು ಕುಸಿದವು. ಮಡಿಕೇರಿ–ಸಂಪಾಜೆ ರಸ್ತೆ ವಾರಗಟ್ಟಲೆ ಮುಚ್ಚಿತ್ತು. ಮರುವರ್ಷ ವಿರಾಜಪೇಟೆ ಬಳಿಯ ತೋರ, 2020ರಲ್ಲಿ ತಲಕಾವೇರಿಯ ಬ್ರಹ್ಮಗಿರಿ. ಮೂರು ವರ್ಷವೂ ಆಗಸ್ಟ್ ತಿಂಗಳೇ. ಅಂದಿನಿಂದ ನಮ್ಮಲ್ಲಿ ಕಕ್ಕಡದ (ಜುಲೈ–ಆಗಸ್ಟ್ ನಡುವಿನ ಕೊಡವ ತಿಂಗಳು) ಮಳೆ ಜೋರಾದರೆ ಜನ ಮೊದಲು ಕೇಳುವುದು, ‘ಅಲ್ಲಿ ಮೇಲೆ ಎಷ್ಟು ಇಂಚು ಬಿತ್ತು?’ ಎಂದು. ಕಾಫಿ ತೋಟದ ಮನೆಗಳಲ್ಲಿ ಇಂಚು, ಸೆಂಟ್ (ಇಂಚಿನ ನೂರನೇ ಒಂದು ಭಾಗ) ಲೆಕ್ಕದಲ್ಲಿ ಮಳೆ ಬರೆದಿಟ್ಟ ತಲೆಮಾರುಗಳ ಪುಸ್ತಕಗಳಿವೆ. ಮಳೆ ಅಳೆಯುವ ಶಿಸ್ತನ್ನು ಈ ಜಿಲ್ಲೆಗೆ ಯಾರೂ ಹೊರಗಿನಿಂದ ಬಂದು ಕಲಿಸಬೇಕಾಗಿಲ್ಲ.

ಈಗ ಆ ಕೆಲಸ ಯಂತ್ರಕ್ಕೆ ಬಂದಿದೆ. ಕರ್ನಾಟಕ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರವು ಗ್ರಾಮ ಪಂಚಾಯಿತಿ ಮಟ್ಟದಲ್ಲಿ ಟೆಲಿಮೆಟ್ರಿಕ್ ಮಳೆಮಾಪಕಗಳನ್ನೂ ಹೋಬಳಿ ಮಟ್ಟದಲ್ಲಿ ಹವಾಮಾನ ಕೇಂದ್ರಗಳನ್ನೂ ಇಟ್ಟಿದೆ. ಸೌರಶಕ್ತಿಯಿಂದ ಓಡುವ ಈ ಮಾಪಕಗಳು ಹದಿನೈದು ನಿಮಿಷಕ್ಕೊಮ್ಮೆ ಬೆಂಗಳೂರಿಗೆ ಲೆಕ್ಕ ಕಳಿಸುತ್ತವೆ. ದೇಶದಲ್ಲಿ ಇಷ್ಟು ದಟ್ಟವಾದ ಜಾಲ ಕಟ್ಟಿದ ರಾಜ್ಯಗಳು ಕಡಿಮೆ, ಅದು ಹೆಮ್ಮೆಯ ವಿಷಯವೇ. ಆದರೆ ಯಂತ್ರ ಇಟ್ಟ ಮೇಲೆ ಅದನ್ನು ನೋಡಿಕೊಳ್ಳುವವರು ಹತ್ತಿರದಲ್ಲೇ ಇರಬೇಕು.

ಇದನ್ನು ನಾನು ಕಣ್ಣಾರೆ ಕಂಡಿದ್ದು ನಮ್ಮ ಕಡೆಯ ಒಂದು ಕಾಫಿ ತೋಟದಲ್ಲಿ. ಮಾಲೀಕರು ಸ್ವಂತ ಖರ್ಚಿನಲ್ಲಿ ಇಂಥದೇ ಮಾಪಕ ಹಾಕಿಸಿದ್ದರು. ಎಡೆಬಿಡದೆ ಮಳೆ ಸುರಿಯುತ್ತಿದ್ದರೂ ಯಂತ್ರ ಮಾತ್ರ ಸೊನ್ನೆ ತೋರಿಸುತ್ತಿತ್ತು. ನಮ್ಮ ಹುಡುಗಿಯೊಬ್ಬಳು ಮೇಲಿನ ಆಲಿಕೆ ಬಿಚ್ಚಿ ನೋಡಿದಳು. ಸಿಲ್ವರ್ ಓಕ್ ಎಲೆಯೊಂದು ಕೊಳೆತು ತೂತಿಗೆ ಅಂಟಿಕೊಂಡಿತ್ತು. ಅದರ ಕೆಳಗೆ ಎರಡು ಪುಟ್ಟ ಬಟ್ಟಲುಗಳು ಏತದಂತೆ ಆಡುತ್ತವೆ. ಒಂದು ತುಂಬಿ ವಾಲಿದಾಗ ಒಂದು ಎಣಿಕೆ, ಇನ್ನೊಂದು ವಾಲಿದಾಗ ಮತ್ತೊಂದು. ನೀರೇ ಕೆಳಗಿಳಿಯದಿದ್ದರೆ ಎಣಿಸುವುದೇನು? ಎಲೆ ತೆಗೆದು, ಬಟ್ಟಲು ಒರೆಸಿ, ಅಳತೆ ಲೋಟದಿಂದ ನಿಧಾನವಾಗಿ ನೀರು ಹನಿಸಿ ಎಣಿಕೆ ಸರಿಯಿದೆಯೇ ಎಂದು ಅವಳು ತಾಳೆ ನೋಡಿದಳು. ಆಮೇಲೆ ಸೋಲಾರ್ ಫಲಕದ ಮೇಲಿನ ಪಾಚಿ ಉಜ್ಜಿದಳು. ವಾರಗಟ್ಟಲೆ ಸೂರ್ಯನನ್ನೇ ಕಾಣದ ಊರಿನಲ್ಲಿ ಬ್ಯಾಟರಿಯ ವೋಲ್ಟೇಜನ್ನೂ ಆಗಾಗ ನೋಡುತ್ತಿರಬೇಕು. ಇದಕ್ಕೆಲ್ಲ ದೊಡ್ಡ ಎಂಜಿನಿಯರ್ ಬೇಕಾಗಿಲ್ಲ, ಹತ್ತಿರದಲ್ಲಿರುವ ತರಬೇತಾದ ಕೈ ಬೇಕು. ಇಳಿಜಾರಿನ ಮೇಲಿನ ಒಂದು ಮಾಪಕ ಸುಳ್ಳು ಸೊನ್ನೆ ಕಳಿಸಿದರೆ ಕೆಳಗಿನ ಮನೆಗಳವರು ಯಾವ ಎಚ್ಚರಿಕೆಯೂ ಇಲ್ಲದೆ ಮಲಗಿರುತ್ತಾರೆ.

ಅಂಥ ಕೈಗಳು ಜಿಲ್ಲೆಯಲ್ಲೇ ತಯಾರಾಗುತ್ತಿವೆ. ಕುಶಾಲನಗರದಲ್ಲಿ ಸರ್ಕಾರಿ ಎಂಜಿನಿಯರಿಂಗ್ ಕಾಲೇಜಿದೆ, ಸರ್ಕಾರಿ ಪಾಲಿಟೆಕ್ನಿಕ್ ಇದೆ. ಪೊನ್ನಂಪೇಟೆಯಲ್ಲಿ ತಾಂತ್ರಿಕ ಕಾಲೇಜೂ ಇದೆ, ಮಣ್ಣು, ಮರ, ಇಳಿಜಾರು ಬಲ್ಲ ಅರಣ್ಯ ಕಾಲೇಜೂ ಇದೆ. ಆದರೆ ಕಲಿತ ಮಕ್ಕಳು ಪರೀಕ್ಷೆ ಮುಗಿಯುತ್ತಲೇ ಬೆಂಗಳೂರು, ಮೈಸೂರಿನ ಬಸ್ಸು ಹತ್ತುತ್ತಾರೆ. ಅವರನ್ನು ದೂರುವಂತಿಲ್ಲ, ಇಲ್ಲಿ ಅವರನ್ನು ಕರೆದವರೇ ಇಲ್ಲ. ಅತ್ತ ಇಲಾಖೆಗಳಲ್ಲಿ ಹೊರಜಿಲ್ಲೆಯಿಂದ ಬಂದವರು ಒಂದು ಮಳೆಗಾಲ ಕಳೆಯುವಷ್ಟರಲ್ಲಿ ವರ್ಗಾವಣೆಗೆ ಓಡಾಡುತ್ತಾರೆ. ಕುರ್ಚಿ ಖಾಲಿ, ಇಲ್ಲವೇ ಪ್ರಭಾರ. ಇದು ಕೊಡಗಿನ ಹಳೆಯ ಗೋಳು.

ಇಲಾಖೆ ಮತ್ತು ವಿದ್ಯಾರ್ಥಿಯನ್ನು ಜೋಡಿಸಲು ಹೊಸ ಕಾನೂನು ಬೇಕಿಲ್ಲ. 1961ರ ಅಪ್ರೆಂಟಿಸ್ ಕಾಯ್ದೆಯಡಿ ಪದವೀಧರರು, ಡಿಪ್ಲೊಮಾ ಮುಗಿಸಿದವರ ಜೊತೆಗೆ ಓದಿನ ನಡುವೆಯೇ ಕೆಲಸ ಮಾಡುವ ಸ್ಯಾಂಡ್‌ವಿಚ್ ಕೋರ್ಸಿನವರಿಗೂ ಜಾಗವಿದೆ. 2019ರ ನಿಯಮಗಳಲ್ಲಿ ಕನಿಷ್ಠ ಸ್ಟೈಪೆಂಡ್ ಪದವೀಧರರಿಗೆ ತಿಂಗಳಿಗೆ 9,000, ಡಿಪ್ಲೊಮಾದವರಿಗೆ 8,000 ರೂಪಾಯಿ ಎಂದು ನಿಗದಿಯಾಯಿತು. ಆ ಕನಿಷ್ಠ ಮೊತ್ತದ ಅರ್ಧವನ್ನು ಕೇಂದ್ರ ಸರ್ಕಾರ ಭರಿಸುತ್ತದೆ. ತಮ್ಮದೇ ಸರ್ಕಾರ ಯುವನಿಧಿಯಲ್ಲಿ ಕೆಲಸ ಸಿಗದ ಪದವೀಧರರಿಗೆ 3,000, ಡಿಪ್ಲೊಮಾದವರಿಗೆ 1,500 ರೂಪಾಯಿಯನ್ನು ಎರಡು ವರ್ಷದವರೆಗೆ ಕೊಡುತ್ತಿದೆ. ಅದು ಒಳ್ಳೆಯ ಯೋಜನೆ, ಇರಲಿ. ಅದರ ಮೇಲೆ ಇನ್ನೊಂದಿಷ್ಟು ಸೇರಿಸಿದರೆ ಅದೇ ಹುಡುಗನ ಕೈಗೆ ಕಸುಬು ಹತ್ತುತ್ತದೆ, ಜಿಲ್ಲೆಗೆ ಮಳೆಯ ನಂಬುವ ಲೆಕ್ಕ ಸಿಗುತ್ತದೆ. ತಮ್ಮ ಇಲಾಖೆಯ ವಿಜ್ಞಾನ ಮತ್ತು ತಂತ್ರಜ್ಞಾನ ಮಂಡಳಿ ದಶಕಗಳಿಂದ ಎಂಜಿನಿಯರಿಂಗ್ ವಿದ್ಯಾರ್ಥಿಗಳ ಪ್ರಾಜೆಕ್ಟ್‌ಗಳಿಗೆ ಹಣ ಕೊಡುತ್ತಾ ಬಂದಿದೆ. ವಿದ್ಯಾರ್ಥಿಗಳ ಮೇಲೆ ಹಣ ಹೂಡುವುದು ತಮ್ಮ ಇಲಾಖೆಗೆ ಹೊಸತಲ್ಲ.

ಇನ್ನು ನೇಮಕಾತಿ. ಅಧಿಕಾರಿಗಳು ತಮ್ಮ ಮುಂದಿಡುವ ಮೊದಲ ಆಕ್ಷೇಪ ನನಗೆ ಗೊತ್ತು: ‘ಸರ್, ಉಮಾದೇವಿ ಪ್ರಕರಣ ಇದೆ.’ ನಿಜ. ನಮ್ಮ ರಾಜ್ಯದ್ದೇ ಆದ ಆ ಪ್ರಕರಣದಲ್ಲಿ 2006ರ ಏಪ್ರಿಲ್‌ನಲ್ಲಿ ಸುಪ್ರೀಂ ಕೋರ್ಟಿನ ಐವರು ನ್ಯಾಯಮೂರ್ತಿಗಳ ಪೀಠ ಹಿಂಬಾಗಿಲ ಖಾಯಮಾತಿಗೆ ತಡೆ ಹಾಕಿತು. ಆ ತೀರ್ಪು ಸರಿಯಾದದ್ದೇ. ನಾನು ಯಾರನ್ನೂ ಪರೀಕ್ಷೆಯಿಲ್ಲದೆ ಖಾಯಂ ಮಾಡಿ ಎನ್ನುತ್ತಿಲ್ಲ. ಉತ್ತರ ಪ್ರದೇಶ ರಸ್ತೆ ಸಾರಿಗೆ ನಿಗಮದ ಪ್ರಕರಣದಲ್ಲಿ ಇದೇ ಸುಪ್ರೀಂ ಕೋರ್ಟ್ 1995ರಲ್ಲಿ ಹೇಳಿದ ಮಾತನ್ನೂ ಕಡತದಲ್ಲಿಡಿ ಎನ್ನುತ್ತಿದ್ದೇನೆ. ಉಳಿದೆಲ್ಲ ಸಮವಾಗಿದ್ದಾಗ ತರಬೇತಿ ಪಡೆದ ಅಪ್ರೆಂಟಿಸ್‌ಗೆ ನೇರ ಅಭ್ಯರ್ಥಿಗಿಂತ ಆದ್ಯತೆ ಸಿಗಬೇಕು ಎಂದಿತ್ತು ನ್ಯಾಯಾಲಯ. ಸೇವಾ ನಿಯಮ ಸುಮ್ಮನಿದ್ದರೆ ತರಬೇತಿಯ ಅವಧಿಯಷ್ಟು ವಯೋಮಿತಿ ಸಡಿಲಿಕೆ ಕೊಡಬೇಕು, ತರಬೇತಾದವರ ಪಟ್ಟಿಯನ್ನು ವರ್ಷವಾರು ಇಡಬೇಕು ಎಂದೂ ಹೇಳಿತ್ತು. 2014ರ ತಿದ್ದುಪಡಿಯ ನಂತರ ಅಪ್ರೆಂಟಿಸ್ ಕಾಯ್ದೆಯ 22ನೇ ಸೆಕ್ಷನ್ ಇನ್ನೂ ಸ್ಪಷ್ಟವಾಗಿದೆ. ತನ್ನಲ್ಲಿ ತರಬೇತಿ ಮುಗಿಸಿದವರ ನೇಮಕಕ್ಕೆ ಪ್ರತಿ ಉದ್ಯೋಗದಾತನೂ ಒಂದು ನೀತಿ ರೂಪಿಸಿಕೊಳ್ಳಬೇಕು. ಹೀಗಾಗಿ ವೃಂದ ಮತ್ತು ನೇಮಕಾತಿ ನಿಯಮಗಳಲ್ಲಿ ಈ ಆದ್ಯತೆಗೆ ಒಂದು ಸಾಲು ಸೇರಲಿ. ಆ ಸಾಲು ಇಲ್ಲದಿದ್ದರೆ ಇಡೀ ಯೋಜನೆ ಒಂದು ವರ್ಷದ ಸರ್ಟಿಫಿಕೇಟಿಗೆ ಮುಗಿದುಹೋಗುತ್ತದೆ.

ವೇಳಾಪಟ್ಟಿಯ ಬಗ್ಗೆ ನನ್ನದೊಂದು ಹಟವಿದೆ. ಈ ಕೆಲಸದ ಕ್ಯಾಲೆಂಡರನ್ನು ಮಳೆಗೆ ಹೊಂದಿಸಬೇಕು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ವಿದ್ಯಾರ್ಥಿ ಇಲಾಖೆಯಲ್ಲಿರಲಿ, ಅಕ್ಟೋಬರ್‌ನಲ್ಲಿ ತರಗತಿಗೆ ಮರಳಲಿ, ಮುಂದಿನ ಜೂನ್‌ಗೆ ಅದೇ ಹೋಬಳಿಗೆ ವಾಪಸ್ ಬರಲಿ. ಯಾವ ಮಾಪಕಕ್ಕೆ ಮರದ ಅಡ್ಡವಿದೆ, ಎಲ್ಲಿ ಸಿಗ್ನಲ್ ಬಿಟ್ಟುಹೋಗುತ್ತದೆ, ಯಾವ ಬರೆಯಲ್ಲಿ (ಕಡಿದಾದ ಮಣ್ಣಿನ ದಿಬ್ಬದಲ್ಲಿ) ಹೊಸ ಬಿರುಕು ಬಿದ್ದಿದೆ ಎಂಬುದು ಎರಡು ಮಳೆಗಾಲ ಕಂಡವರಿಗೆ ಮಾತ್ರ ಗೊತ್ತಾಗುವ ಸಂಗತಿ. ಸೆಮಿಸ್ಟರ್ ಹೊಂದಿಸಲು ವಿಟಿಯು (ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯ) ಮತ್ತು ತಾಂತ್ರಿಕ ಶಿಕ್ಷಣ ಇಲಾಖೆಯ ಒಪ್ಪಿಗೆ ಬೇಕು. ಅದು ನಮ್ಮಂಥ ಉಪನ್ಯಾಸಕರ ಮನವಿಯಿಂದ ಆಗುವುದಿಲ್ಲ, ಸಚಿವರೊಬ್ಬರು ಪತ್ರ ಬರೆದರೆ ಆದೀತು.

ಕೆಲವು ಷರತ್ತುಗಳನ್ನೂ ಹೇಳಲೇಬೇಕು. ಈ ಮಕ್ಕಳನ್ನು ಕಚೇರಿಯಲ್ಲಿ ಕೂರಿಸಿ ಡೇಟಾ ಎಂಟ್ರಿ ಮಾಡಿಸಬಾರದು, ಜೆರಾಕ್ಸಿಗೆ ಕಳಿಸಬಾರದು. ರೆಡ್ ಅಲರ್ಟ್ ಇರುವ ದಿನ ಒಬ್ಬರೂ ಇಳಿಜಾರಿಗೆ ಹೋಗಕೂಡದು. ವಿಮೆ ಇಲ್ಲದೆ ಯಾರೂ ಕೆಲಸ ಶುರು ಮಾಡಕೂಡದು. ಹೊರಗುತ್ತಿಗೆ ಏಜೆನ್ಸಿಯ ಮೂಲಕ ಸ್ಟೈಪೆಂಡ್ ಕೊಡುವುದು ಬೇಡವೇ ಬೇಡ, ನೇರವಾಗಿ ಖಾತೆಗೆ ಬೀಳಲಿ. ಹೆಣ್ಣುಮಕ್ಕಳಿಗೆ ಆಯಾ ತಾಲ್ಲೂಕಿನಲ್ಲಿ ವಸತಿ ಸಿಗಲಿ. ಇಲ್ಲವಾದರೆ ಆಲಿಕೆ ಬಿಚ್ಚಿ ಎಲೆ ತೆಗೆದ ಆ ಹುಡುಗಿಯಂಥವರನ್ನು ಮನೆಯವರು ಕಳಿಸುವುದಿಲ್ಲ. ಆಯ್ಕೆ ಅಂಕ ಮತ್ತು ಪ್ರಾಯೋಗಿಕ ಪರೀಕ್ಷೆಯ ಮೇಲೆ ನಡೆಯಲಿ. ಪಟ್ಟಿಯನ್ನು ಜಿಲ್ಲಾಡಳಿತದ ಜಾಲತಾಣದಲ್ಲಿ ಹಾಕಲಿ. ಶಿಫಾರಸು ಪತ್ರ ಹಿಡಿದು ಬಂದವರಿಗೆ ತಾವೇ ಇಲ್ಲ ಎನ್ನಬೇಕಾಗುತ್ತದೆ.

ಇದು ನೆಲೆ ನಿಂತರೆ ತಮ್ಮ ಸಣ್ಣ ನೀರಾವರಿ ಇಲಾಖೆಗೆ, ಮಳೆಗಾಲದಲ್ಲಿ ಬಿದ್ದ ಕಂಬ ಎತ್ತಲು ಹೆಣಗುವ ವಿದ್ಯುತ್ ಸರಬರಾಜು ಕಂಪನಿ ಸೆಸ್ಕ್‌ಗೆ ಇದೇ ಮಾದರಿಯನ್ನು ಒಯ್ಯಬಹುದು. ಅದು ಆಮೇಲಿನ ಮಾತು.

ಮುಂದಿನ ಮಳೆಗಾಲಕ್ಕೆ ಮೊದಲ ತಂಡ ಸಿದ್ಧವಾಗಬೇಕಾದರೆ ಫೆಬ್ರುವರಿಯೊಳಗೆ ಆದೇಶ ಹೊರಬೀಳಬೇಕು. ಮಾರ್ಚ್‌ನಲ್ಲಿ ಆಯ್ಕೆ ನಡೆದು, ಏಪ್ರಿಲ್–ಮೇ ತಿಂಗಳಲ್ಲಿ ತರಬೇತಿ ಮುಗಿಯಬೇಕು. ಜಿಲ್ಲೆಯ ಪ್ರಗತಿ ಪರಿಶೀಲಿಸುವ ಮುಂದಿನ ಕೆಡಿಪಿ ಸಭೆಗೆ ತಾವು ಮಡಿಕೇರಿಗೆ ಬಂದಾಗ ಈ ವಿಷಯವನ್ನು ಕಾರ್ಯಸೂಚಿಯಲ್ಲಿ ಸೇರಿಸಿ, ಜಿಲ್ಲೆಯ ತಾಂತ್ರಿಕ ಕಾಲೇಜುಗಳ ಪ್ರಾಂಶುಪಾಲರನ್ನೂ ಕರೆಸಿ ಎಂದು ವಿನಂತಿ. ಪಠ್ಯಕ್ರಮ ಮತ್ತು ತರಬೇತಿಯ ಕರಡು ಬರೆದುಕೊಡುವ ಕೆಲಸವನ್ನು ನಾವು ಉಪನ್ಯಾಸಕರು ಮಾಡುತ್ತೇವೆ.

ಇಂತಿ ತಮ್ಮ ವಿಶ್ವಾಸಿ,
ಕೊಡಗಿನ ಒಬ್ಬ ಡಿಪ್ಲೊಮಾ ಉಪನ್ಯಾಸಕ