ಭಾನುವಾರ ದೊಡ್ಡ ಕುದುರೆಗಳ ಜೊತೆ: ಬರುವವರು ಒಮ್ಮೆ ಓದಿಬಿಡಿ

ಎಲ್ಲರಿಗೂ ನಮಸ್ಕಾರ.

ಈ ಭಾನುವಾರ ಬೆಳಿಗ್ಗೆ 7 ಗಂಟೆಗೆ ಲಾಯದ ಬಾಗಿಲಲ್ಲಿ ಸೇರುತ್ತಿದ್ದೇವೆ. ಎರಡು ಶೈರ್ ಕುದುರೆಗಳನ್ನು (ಭಾರ ಎಳೆಯುವ ದೊಡ್ಡ ತಳಿ) ಗಾಡಿಗೆ ಕಟ್ಟುವುದನ್ನು ಹತ್ತಿರದಿಂದ ನೋಡಬಹುದು. ಅರ್ಧ ಗಂಟೆ ಮುಂಚೆ ಬಂದರೆ ಮೈ ಉಜ್ಜುವುದಕ್ಕೂ ಕೈ ಹಾಕಬಹುದು. ನನಗಂತೂ ಸವಾರಿಗಿಂತ ಅದೇ ಜಾಸ್ತಿ ಖುಷಿ.

ಮೊದಲ ಸಲ ಬರುವವರಿಗೆ ಒಂದು ಮಾತು. ಇವು ಭುಜದ ಹತ್ತಿರವೇ ಸುಮಾರು 17 ಹ್ಯಾಂಡ್ ಎತ್ತರ. ಒಂದು ಹ್ಯಾಂಡ್ ಅಂದರೆ 4 ಇಂಚು, ನೀವೇ ಲೆಕ್ಕ ಹಾಕಿ! ತೂಕ ಒಂದು ಟನ್ನಿನ ಆಸುಪಾಸು. ಸ್ವಭಾವ ಸಾಧು. ಆದರೂ ಹಿಂದಿನಿಂದ ಸುಮ್ನೆ ಹೋಗಬೇಡಿ, ಬಾಲದ ನೇರಕ್ಕೆ ನಿಂತವರು ಕುದುರೆಗೆ ಕಾಣುವುದಿಲ್ಲ. ಭುಜದ ಕಡೆಯಿಂದ, ಮಾತಾಡುತ್ತಾ ಹೋಗಿ. ಕ್ಯಾರೆಟ್ ಕೊಡುವಾಗ ಅಂಗೈ ಚಪ್ಪಟೆಯಾಗಿರಲಿ, ಬೆರಳು ಮಡಚಬೇಡಿ.

ಗಟ್ಟಿ ಶೂ ಕಡ್ಡಾಯ. ಹನ್ನೆರಡನೇ ವಯಸ್ಸಿನಲ್ಲಿ ಚಪ್ಪಲಿ ಹಾಕಿಕೊಂಡು ಹೋಗಿ ಹೆಬ್ಬೆರಳ ಮೇಲೆ ಗೊರಸು ಇಡಿಸಿಕೊಂಡವನು ನಾನು. ಉಗುರು ಇವತ್ತಿಗೂ ಸೊಟ್ಟ. ಅಳುತ್ತಾ ನಿಂತಿದ್ದಾಗ ಅದೇ ಕುದುರೆ ಬಗ್ಗಿ ನನ್ನ ಕಾಲರ್ ಮೂಸಿತು. ನೋವು ಮರೆತುಹೋಯಿತು. ಹುಲ್ಲಿನ ವಾಸನೆಯ ಆ ಬಿಸಿ ಉಸಿರು ಮಾತ್ರ ಮರೆತಿಲ್ಲ.

ನಿಮ್ಮಲ್ಲೂ ಇಂಥ ನೆನಪು ಇದ್ದೇ ಇರುತ್ತದೆ, ಅಲ್ವಾ? ಶುಕ್ರವಾರ ರಾತ್ರಿಯೊಳಗೆ ಇಲ್ಲಿ ಹಾಕಿ, ಹಳೆ ಫೋಟೋ ಇದ್ದರೆ ಅದನ್ನೂ. ಟೈಪ್ ಮಾಡಲು ಬೇಜಾರಾದ ಹಿರಿಯರು ವಾಯ್ಸ್ ಮೆಸೇಜ್ ಕಳಿಸಿ. ಭಾನುವಾರ ಎಲ್ಲರೂ ಕೂತು ಕೇಳೋಣ.

ಬರುವವರು "ಬರ್ತೀನಿ" ಅಂತ ಬರೆದು ಎಷ್ಟು ಜನ ಎಂದು ತಿಳಿಸಿ. ಜೋರು ಮಳೆ ಇದ್ದರೆ 5.30ಕ್ಕೇ ಇಲ್ಲಿ ಹೇಳುತ್ತೇನೆ.