ಕೆಂಪು ರಸ ಬಂದ ಮಾತ್ರಕ್ಕೆ ರಾಮಪತ್ರೆಯಲ್ಲ

ಮಾನ್ಯರೇ,

ತೊಗಟೆಗೆ ಕತ್ತಿ ತಾಗಿಸಿ, ರಕ್ತದಂಥ ರಸ ಒಸರಿದರೆ ‘ಇದು ರಾಮಪತ್ರೆ’ (ಜಾಯಿಕಾಯಿ ಕುಟುಂಬದ ಕಾಡುಮರ) ಎಂದು ತೀರ್ಮಾನಿಸುವವರು ಮಲೆನಾಡಿನಲ್ಲಿ ಬಹಳ ಮಂದಿ. ಇದು ನಂಬುವ ಪರೀಕ್ಷೆಯಲ್ಲ. ರಕ್ತಮರ, ಪಿಂಡಿ, ಜೌಗಿನ ಮಿರಿಸ್ಟಿಕಾ ಮ್ಯಾಗ್ನಿಫಿಕಾ ಎಲ್ಲವೂ ಜಾಯಿಕಾಯಿ ಕುಟುಂಬದವೇ. ಎಲ್ಲದರಲ್ಲೂ ಕೆಂಪು ರಸವಿದೆ. ಬೇರೆ ಕುಟುಂಬದ ಹೊನ್ನೆಯೂ ಕೆಂಪಗೆ ಒಸರುತ್ತದೆ. ಮರಕ್ಕೆ ಗಾಯವಾದದ್ದಷ್ಟೇ ಲಾಭ!

ಮೊದಲು ಬುಡದಲ್ಲಿ ಬಿದ್ದ ಕಾಯಿ ಹುಡುಕಿ. ರಾಮಪತ್ರೆಯ (ಮಿರಿಸ್ಟಿಕಾ ಮಲಬಾರಿಕಾ) ಕಾಯಿ ನೀಳ, 5ರಿಂದ 7 ಸೆಂ.ಮೀ. ಉದ್ದ, ಮೈತುಂಬ ತುಕ್ಕು ಬಣ್ಣದ ನವಿರು ರೋಮ. ಬಲಿತಾಗ ಎರಡು ಹೋಳಾಗಿ ಬಿರಿಯುತ್ತದೆ. ಒಳಗಿನ ಬೀಜವನ್ನು ಹಳದಿ–ಕೇಸರಿ ಪತ್ರೆ, ಅಂದರೆ ಬೀಜದ ಮೇಲಿನ ಹೊದಿಕೆ, ಸುತ್ತಿಕೊಂಡಿರುತ್ತದೆ. ನಿರ್ಣಯ ಮಾಡಬೇಕಾದದ್ದು ಇಲ್ಲಿ: ಪತ್ರೆ ಬುಡದವರೆಗೂ ಎಳೆಎಳೆಯಾಗಿ ಸೀಳಿದ್ದು, ಎಳೆಗಳು ಬೀಜದ ತುದಿಯಲ್ಲಿ ಒಂದಕ್ಕೊಂದು ಹೆಣೆದುಕೊಂಡಿದ್ದರೆ ರಾಮಪತ್ರೆ. ರಕ್ತಮರದ್ದು ಬೀಜಕ್ಕೆ ಅಂಗಿ ತೊಡಿಸಿದಂತೆ ಇಡಿಯಾಗಿರುತ್ತದೆ, ತುದಿಯಲ್ಲಿ ಮಾತ್ರ ಸೀಳು. ಪಿಂಡಿಯ ಪತ್ರೆಯೂ ಸೀಳಿದ್ದೇ, ಆದರೆ ಕಾಯಿ ಸಣ್ಣ ಗುಂಡು. ತೋಟದ ಜಾಯಿಕಾಯಿಯ ಸಿಪ್ಪೆ ನುಣುಪು, ಹಳದಿ. ಪತ್ರೆ ಕಡುಗೆಂಪು, ಘಮ್ಮೆನ್ನುತ್ತದೆ. ರಾಮಪತ್ರೆಗೆ ಆ ಪರಿಮಳವಿಲ್ಲ. ಆದರೂ ಜಾಪತ್ರೆಗೆ (ಜಾಯಿಕಾಯಿಯ ಪತ್ರೆಗೆ) ಬೆರಕೆ ಮಾಡಿ ಮಾರುವುದು ಹಳೆಯ ಚಾಳಿ.

ಕಾಯಿ ಸಿಗದಿದ್ದರೆ ಎಲೆ. ರಾಮಪತ್ರೆಯದು 10ರಿಂದ 20 ಸೆಂ.ಮೀ., ಅಂಚಿನಲ್ಲಿ ಹಲ್ಲಿಲ್ಲ, ಮೇಲೆ ಹೊಳಪು, ಅಡಿಯಲ್ಲಿ ಬೂದಿ ಬಳಿದಂಥ ಬಿಳುಪು. ಈ ಬಿಳುಪು ರಕ್ತಮರದಲ್ಲೂ ಇದೆ. ಅದರ ಎಲೆ ಕಿರಿದು, ಉದ್ದ, ಪಕ್ಕದ ನರಗಳು ಒತ್ತೊತ್ತಾಗಿ 15 ಜೋಡಿಗೂ ಹೆಚ್ಚು. ಮಿರಿಸ್ಟಿಕಾ ಮ್ಯಾಗ್ನಿಫಿಕಾದ ಎಲೆ ಮೊಳದುದ್ದಕ್ಕೆ ಬರುತ್ತದೆ, ಮರ ಜೌಗಿನಲ್ಲಿ ಊರುಗೋಲಿನಂಥ ಬೇರು ಬಿಟ್ಟು ನಿಲ್ಲುತ್ತದೆ. ಎಲೆಯೊಂದನ್ನೇ ನೋಡಿ ಹೆಸರಿಡುವುದು ನನಗಂತೂ ಒಪ್ಪಿಗೆಯಿಲ್ಲ.

‘ಇಷ್ಟು ವರ್ಷವಾದರೂ ಕಾಯಿ ಬಿಟ್ಟಿಲ್ಲ, ನರ್ಸರಿಯವರು ಬೇರೇನೋ ಕೊಟ್ಟರು’ ಎಂಬ ದೂರು ಎಷ್ಟೋ ಸಲ ತಪ್ಪು. ಈ ಜಾತಿಯಲ್ಲಿ ಗಂಡು, ಹೆಣ್ಣು ಮರ ಬೇರೆಬೇರೆ. ಗಂಡಿನಲ್ಲಿ ಕಾಯಿ ಕಟ್ಟುವುದೇ ಇಲ್ಲ. ಬೀಜದ ಸಸಿಯ ಲಿಂಗ ಹೂಬಿಡುವ ತನಕ ತಿಳಿಯದು. ಹೆಣ್ಣು ಮರದ ಕುಡಿಯಿಂದ ಕಸಿ ಕಟ್ಟಿದ ಗಿಡ ಕೇಳಿ ಪಡೆಯಿರಿ.

ಕೊಯ್ಲಿನವರು ಕೊಂಬೆ ಕಡಿದು ಎಳೆಕಾಯಿ ಉದುರಿಸಿದರೆ ಪತ್ರೆ ತೆಳು, ಬೀಜ ಹುಟ್ಟದು. ಬಿರಿದ ಕಾಯಿಯ ಪತ್ರೆ ಬಿಡಿಸಿ ಬಿಸಿಲಿಗೆ ಹಾಕಿ, ಬೀಜವನ್ನಲ್ಲ. ಒಣಗಿದ ರಾಮಪತ್ರೆ ಬೀಜ ಸತ್ತಂತೆಯೇ. ತೊಳೆದು, ಹಸಿಯಿರುವಾಗಲೇ ನೆರಳಿನ ಮಡಿಯಲ್ಲಿ ಊರಬೇಕು.

– ಓದುಗ, ಶಿರಸಿ